ಜಾಹೀರಾತು ಫೋಟೋಗ್ರಫಿ ಕಲಿಯೋಕೆ ಕಾಲೇಜು ಬೇಕಾ?

ಪ್ರಶ್ನೆ: ಈ ವರ್ಷ ಎರಡನೇ ಪಿಯುಸಿ ಕಾಮರ್ಸ್ ಮುಗಿಸಿದ್ದೇನೆ. ಊರು ಅರಸೀಕೆರೆ ಹತ್ತಿರ. ರಜೆಯಲ್ಲಿ ನಮ್ಮೂರಿನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ ಎಲ್ಲ ಗೊತ್ತು. ಆದರೆ ನನಗೆ ಇಷ್ಟ ಇರುವುದು ಜಾಹೀರಾತು ಫೋಟೋಗ್ರಫಿ. ಅಪ್ಪ ಡಿಗ್ರಿ ಆಗಲೇಬೇಕು ಅನ್ನುತ್ತಾರೆ. ಫ್ರೆಂಡ್ಸ್ ‘ಎಲ್ಲಾ ಯೂಟ್ಯೂಬ್‌ನಲ್ಲಿದೆ, ನಾಲ್ಕು ವರ್ಷ ಸುಮ್ನೆ ಯಾಕೆ ಕಳೀತೀಯ’ ಅನ್ನುತ್ತಾರೆ. ಇದನ್ನು ವಿಶ್ವವಿದ್ಯಾಲಯದಲ್ಲಿ ನಿಜವಾಗಿ ಕಲಿಸುತ್ತಾರಾ? ಎಲ್ಲಿ ಸೇರಬೇಕು? ನನಗೆ ಚಿತ್ರ ಬಿಡಿಸಲು ಅಷ್ಟಾಗಿ ಬರುವುದಿಲ್ಲ. ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ?

ಉತ್ತರ: ಡಿಗ್ರಿ ಇಲ್ಲದೆಯೂ ಜಾಹೀರಾತು ಫೋಟೋಗ್ರಾಫರ್ ಆಗಬಹುದು. ಈ ಕೆಲಸಕ್ಕೆ ಲೈಸೆನ್ಸ್ ಏನೂ ಬೇಕಿಲ್ಲ. ಏಜೆನ್ಸಿಯ ಆರ್ಟ್ ಡೈರೆಕ್ಟರ್ ನಿಮ್ಮ ಪೋರ್ಟ್‌ಫೋಲಿಯೋ ನೋಡುತ್ತಾರೆ, ಅಂಕಪಟ್ಟಿ ಕೇಳುವುದಿಲ್ಲ. ನಮ್ಮ ದೇಶದ ಫ್ಯಾಷನ್ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರು ಮಾಡಿದ ಪ್ರಬುದ್ಧ ದಾಸ್‌ಗುಪ್ತ ಓದಿದ್ದು ಇತಿಹಾಸ. ಆಮೇಲೆ ಜಾಹೀರಾತು ಕಂಪನಿಯಲ್ಲಿ ಕಾಪಿರೈಟರ್ ಆಗಿದ್ದರು. ಕ್ಯಾಮೆರಾ ಹಿಡಿಯುವುದನ್ನು ತಾವೇ ಕಲಿತರು.

ಹಾಗಿದ್ದರೂ ನಿಮಗೆ ಕಾಲೇಜಿಗೆ ಸೇರಿ ಅಂತಲೇ ಹೇಳುತ್ತೇನೆ. ಈ ಕೆಲಸದಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ಎರಡು. ಬೆಳಕು ನಿಮಗೆ ಬೇಕಾದ ಜಾಗಕ್ಕೆ, ಬೇಕಾದಷ್ಟೇ ಬೀಳುವ ಹಾಗೆ ಮಾಡುವುದು ಒಂದು. ಬೇರೆಯವರು ಹೇಳಬೇಕೆಂದಿರುವ ಮಾತನ್ನು ನಿಮ್ಮ ಚಿತ್ರ ಹೇಳುವ ಹಾಗೆ ಮಾಡುವುದು ಇನ್ನೊಂದು. ಯೂಟ್ಯೂಬ್ ನೋಡಿ ಮೊದಲನೆಯದನ್ನು ಸ್ವಲ್ಪ ಮಟ್ಟಿಗೆ ಕಲಿಯಬಹುದು. ಆದರೆ ಯೂಟ್ಯೂಬ್‌ಗೆ ನಿಮ್ಮ ಚಿತ್ರ ಕಾಣುವುದಿಲ್ಲ ಅಲ್ವಾ? ನೀವು ತೆಗೆದ ಫೋಟೋವನ್ನು ಗೋಡೆಗೆ ಅಂಟಿಸಿ, ಎದುರಿಗೆ ನಿಂತು, ಅದು ಎಲ್ಲಿ ಸೋತಿದೆ ಅಂತ ಹೇಳುವವರು ಬೇಕು. ಅವರು ಹೇಳಿದ ಮೇಲೆ ಅದೇ ಫೋಟೋವನ್ನು ಮತ್ತೆ ತೆಗೆಯಲು ಸ್ಟುಡಿಯೋ ಬೇಕು, ಸಮಯ ಬೇಕು. ಕೆಲಸಕ್ಕೆ ಇಳಿದ ಮೇಲೆ ಈ ಸಮಯ ಸಿಗುವುದಿಲ್ಲ. ಕ್ಲೈಂಟ್ ಸ್ಟುಡಿಯೋದಲ್ಲೇ ಕೂತಿರುತ್ತಾರೆ, ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತಿರುತ್ತದೆ. ಅಲ್ಲಿ ಗೊತ್ತಿರುವುದನ್ನು ಮಾಡಬೇಕು, ಹೊಸದನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ.

ಎಲ್ಲಿ ಸೇರಬೇಕು ಅನ್ನುವ ಪ್ರಶ್ನೆಗೆ ಬರೋಣ. ಡಿಗ್ರಿ ಮಟ್ಟದಲ್ಲಿ ‘ಜಾಹೀರಾತು ಫೋಟೋಗ್ರಫಿ’ ಅನ್ನುವ ಹೆಸರನ್ನೇ ಹುಡುಕುತ್ತಾ ಹೋದರೆ ನಮ್ಮಲ್ಲಿ ನಿರಾಸೆಯಾಗುವುದೇ ಹೆಚ್ಚು. ಅಮೆರಿಕದ ರಾಚೆಸ್ಟರ್‌ನಲ್ಲಿರುವ ಆರ್‌ಐಟಿ ವಿಶ್ವವಿದ್ಯಾಲಯದಂಥ ಕಡೆ ಆ ಹೆಸರಿನಲ್ಲೇ ಓದಬಹುದು. ರಾಚೆಸ್ಟರ್ ಕೊಡಾಕ್ ಕಂಪನಿಯ ಊರು, ಹಾಗಾಗಿ ಅಲ್ಲಿ ಫೋಟೋಗ್ರಫಿ ಓದಿಗೆ ಹಳೆಯ ಬೇರಿದೆ. ನಮ್ಮಲ್ಲಿ ಎರಡು ದಾರಿ. ಒಂದು, ಫೋಟೋಗ್ರಫಿಯಲ್ಲೇ ಬಿಎಫ್‌ಎ, ಅಂದರೆ ಲಲಿತಕಲೆಯ ಡಿಗ್ರಿ. ಇನ್ನೊಂದು, ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತು ಮತ್ತು ಗ್ರಾಫಿಕ್ ಡಿಸೈನಿಗೆ ಬೇಕಾದ ಕಲೆಯ ಓದಿಗೆ ಸೇರಿ ಅದರೊಳಗೆ ಫೋಟೋಗ್ರಫಿಗೆ ಒತ್ತು ಕೊಡುವುದು. ಎರಡೂ ನಾಲ್ಕು ವರ್ಷದ ಓದು.

ಮೊದಲನೇ ದಾರಿಯಲ್ಲಿ ನಿಮಗೆ ಹತ್ತಿರದ್ದು ಮೈಸೂರು. ಸಿದ್ಧಾರ್ಥನಗರದ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ, ಫೋಟೋಗ್ರಫಿ ಮತ್ತು ಫೋಟೋ ಜರ್ನಲಿಸಂಗೆ ಬೇರೆ ವಿಭಾಗವೇ ಇದೆ. ಅದು ಸರ್ಕಾರಿ ಕಾಲೇಜು. ಮನೆಯ ಖರ್ಚಿನ ಬಗ್ಗೆ ಯೋಚಿಸುವವರು ಇದನ್ನು ಮರೆಯಬಾರದು. ಹೈದರಾಬಾದಿನ ಜವಾಹರಲಾಲ್ ನೆಹರು ಆರ್ಕಿಟೆಕ್ಚರ್ ಮತ್ತು ಫೈನ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲೂ ಫೋಟೋಗ್ರಫಿ ಬಿಎಫ್‌ಎ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡನೇ ದಾರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಇದೆ, ಮುಂಬೈಯಲ್ಲಿ ಜೆಜೆ ಅಪ್ಲೈಡ್ ಆರ್ಟ್ ಇದೆ. ಡಿಗ್ರಿ ಆದ ಮೇಲೆ ಇನ್ನೂ ಓದುವ ಆಸೆ ಇದ್ದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯ ಗುಜರಾತಿನ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ಫೋಟೋಗ್ರಫಿ ಡಿಸೈನ್ ಅಂತ ಎಂ.ಡೆಸ್ (ಡಿಸೈನ್ ಸ್ನಾತಕೋತ್ತರ) ಕೋರ್ಸ್ ಇದೆ. ಎನ್‌ಐಡಿಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ, ಆದರೆ ಈ ಕೋರ್ಸ್ ಇರುವುದು ಗಾಂಧಿನಗರದಲ್ಲಿ. ತುಂಬಾ ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಡಿಗ್ರಿ ಬಿಟ್ಟು ಡಿಪ್ಲೊಮಾ ಸಾಕು ಅನ್ನುವವರಿಗೆ ಊಟಿಯಲ್ಲಿ 2001ರಲ್ಲಿ ಶುರುವಾದ ಲೈಟ್ ಅಂಡ್ ಲೈಫ್ ಅಕಾಡೆಮಿಯ ಹೆಸರು ಗೊತ್ತಿರಬೇಕು. ಅದನ್ನು ಕಟ್ಟಿದ ಇಕ್ಬಾಲ್ ಮೊಹಮ್ಮದ್ ಜಾಹೀರಾತು ಫೋಟೋಗ್ರಾಫರ್. ಆದರೆ ನಿಮ್ಮ ತಂದೆಯವರಿಗೆ ಡಿಗ್ರಿಯೇ ಬೇಕು, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ನನ್ನನ್ನು ಕೇಳಿದರೆ, ಜಾಹೀರಾತೇ ಗುರಿ ಅಂತಾದರೆ ಅಪ್ಲೈಡ್ ಆರ್ಟ್ ಒಳ್ಳೆಯದು. ಫೋಟೋಗ್ರಫಿ ವಿಭಾಗಗಳಲ್ಲಿ ಕಲಿಸುವುದಿಲ್ಲ ಅಂತಲ್ಲ. ಆದರೆ ಜಾಹೀರಾತಿನ ಫೋಟೋ ಒಂಟಿಯಾಗಿ ಬದುಕುವುದಿಲ್ಲ. ಅದರ ಮೇಲೆ ಅಕ್ಷರ ಬರುತ್ತದೆ, ಪಕ್ಕದಲ್ಲಿ ಲೋಗೋ ಬರುತ್ತದೆ, ಕೆಳಗೆ ಬೆಲೆ ಬರುತ್ತದೆ. ಅದೇ ಚಿತ್ರ ಹೆದ್ದಾರಿಯ ಅಡ್ಡ ಹೋರ್ಡಿಂಗಿಗೂ ಹೊಂದಬೇಕು, ಮೊಬೈಲಿನ ಉದ್ದ ಸ್ಕ್ರೀನಿಗೂ ಹೊಂದಬೇಕು. ಅಪ್ಲೈಡ್ ಆರ್ಟ್ ಓದಿದವರು ಟೈಪೋಗ್ರಫಿ (ಅಕ್ಷರ ವಿನ್ಯಾಸ), ಲೇಔಟ್ (ಪುಟ ಜೋಡಣೆ) ಮಾಡಿ ಕೈ ಪಳಗಿಸಿಕೊಂಡಿರುತ್ತಾರೆ. ಫ್ರೇಮಿನಲ್ಲಿ ಎಲ್ಲಿ ಜಾಗ ಬಿಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಇರ್ವಿಂಗ್ ಪೆನ್. 20ನೇ ಶತಮಾನದ ಅತಿ ದೊಡ್ಡ ಫ್ಯಾಷನ್ ಮತ್ತು ಜಾಹೀರಾತು ಫೋಟೋಗ್ರಾಫರ್‌ಗಳಲ್ಲಿ ಒಬ್ಬರು. ಕ್ಲಿನಿಕ್ ಅನ್ನುವ ಸೌಂದರ್ಯವರ್ಧಕ ಕಂಪನಿಯ ಕ್ರೀಮ್ ಡಬ್ಬಿ, ಸೋಪುಗಳನ್ನು ಅವರು ತೆಗೆದ ರೀತಿಯನ್ನು ಇವತ್ತಿಗೂ ಸ್ಟುಡಿಯೋಗಳಲ್ಲಿ ನೋಡಿ ಕಲಿಯುತ್ತಾರೆ. 1934ರಿಂದ 1938ರವರೆಗೆ ಅವರು ಫಿಲಡೆಲ್ಫಿಯಾದ ಕಲಾ ಶಾಲೆಯಲ್ಲಿ ಓದಿದ್ದು ಡಿಸೈನ್. ಅಲೆಕ್ಸಿ ಬ್ರೊಡೊವಿಚ್ ಅವರ ಗುರು, ಅವರೂ ಪತ್ರಿಕೆಯ ಪುಟ ಕಟ್ಟುವವರು. ಪೆನ್ ತೆಗೆದ ಫೋಟೋದಲ್ಲಿ ಒಂದು ಲಿಪ್‌ಸ್ಟಿಕ್ ಸುತ್ತ ಎಷ್ಟು ಖಾಲಿ ಜಾಗ ಇದೆ ಅಂತ ಗಮನಿಸಿ ನೋಡಿ. ಆ ಜಾಗವನ್ನು ಅಳೆದು ಬಿಟ್ಟದ್ದು ಡಿಸೈನ್ ಕಲಿತ ಕಣ್ಣು.

‘ಇದೆಲ್ಲ ಕಾಲೇಜಲ್ಲಿ ಕಲಿಸೋ ವಿಷಯಾನಾ’ ಅಂತ ನಿಮ್ಮ ಸ್ನೇಹಿತರು ಕೇಳಿದರೆ ಇನ್ನೂ ಹಳೆಯದನ್ನು ಹೇಳಿ. ಕ್ಲಾರೆನ್ಸ್ ವೈಟ್ ಅನ್ನುವವರು 1907ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫೋಟೋಗ್ರಫಿ ಪಾಠ ಮಾಡುತ್ತಿದ್ದರು. 1914ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಶಾಲೆ ತೆರೆದರು. ಅಲ್ಲಿ ಕಲಿತ ಪಾಲ್ ಔಟರ್‌ಬ್ರಿಡ್ಜ್ 1922ರಲ್ಲಿ ಒಂದು ಶರ್ಟ್ ಕಾಲರ್ ಕಂಪನಿಗೆ ಜಾಹೀರಾತು ಮಾಡಿದರು. ಚದುರಂಗದ ಮಣೆಯಂಥ ಕಪ್ಪು ಬಿಳುಪು ಚೌಕಗಳ ಮೇಲೆ ಒಂದೇ ಒಂದು ಬಿಳಿ ಕಾಲರ್. ಬೇರೇನೂ ಇಲ್ಲ. ನೇರ ಗೆರೆಗಳ ಮಧ್ಯೆ ಆ ಕಾಲರಿನ ಬಾಗು ಎದ್ದು ಕಾಣುತ್ತದೆ. ನೂರು ವರ್ಷ ಆದರೂ ಹಳತಾಗಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಬೆಟ್ಟಗುಡ್ಡಗಳ ಫೋಟೋಗೆ ಹೆಸರಾದ ಆನ್ಸೆಲ್ ಆಡಮ್ಸ್ ‘ಝೋನ್ ಸಿಸ್ಟಮ್’ ಅನ್ನುವ ಎಕ್ಸ್‌ಪೋಷರ್ ಪದ್ಧತಿಯನ್ನು, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬಿಡಬೇಕು ಅಂತ ಲೆಕ್ಕ ಹಾಕುವ ಕ್ರಮವನ್ನು, ಫ್ರೆಡ್ ಆರ್ಚರ್ ಜೊತೆ ಸೇರಿ ರೂಪಿಸಿದ್ದು 1940ರ ಆಸುಪಾಸಿನಲ್ಲಿ, ಲಾಸ್ ಏಂಜಲೀಸಿನ ಆರ್ಟ್ ಸೆಂಟರ್ ಸ್ಕೂಲಿನಲ್ಲಿ. ಅದು ಜಾಹೀರಾತು ಮತ್ತು ಕೈಗಾರಿಕೆಯ ಕೆಲಸಕ್ಕೆ ವಿದ್ಯಾರ್ಥಿಗಳನ್ನು ತಯಾರು ಮಾಡಲು 1930ರಲ್ಲಿ ಶುರುವಾದ ಶಾಲೆ. ಕ್ಲಾಸಿನಲ್ಲಿ ಹುಡುಗರಿಗೆ ಅರ್ಥವಾಗುವ ಹಾಗೆ ಹೇಳಬೇಕಾಗಿ ಬಂದಾಗಲೇ ಆ ಪದ್ಧತಿ ಹುಟ್ಟಿತು.

ಈಗ ಮುಖ್ಯ ವಿಷಯ. ಒಳ್ಳೆಯ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಗಿರುತ್ತದೆ ಅಂತ ಒಂದೇ ವಸ್ತು ಇಟ್ಟುಕೊಂಡು ತೋರಿಸುತ್ತೇನೆ. ನಾನು ಪಾಠ ಮಾಡಲು ಹೋದ ಕಡೆಯೆಲ್ಲ ಇದನ್ನು ಮಾಡಿಸುತ್ತೇನೆ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತೆಗೆದುಕೊಳ್ಳಿ. ಫಿಲ್ಟರ್ ಕಾಫಿ ಕುಡಿಯುವ, ಕಂಠ ಮಡಚಿದ ಲೋಟ. ಟೇಬಲ್ ಮೇಲೆ ಇಟ್ಟು ಫೋಟೋ ತೆಗೆಯಿರಿ.

ಫೋಟೋದಲ್ಲಿ ಲೋಟ ಕಾಣುವುದಿಲ್ಲ. ಕಿಟಕಿ ಕಾಣುತ್ತದೆ, ಟ್ಯೂಬ್‌ಲೈಟ್ ಕಾಣುತ್ತದೆ, ನಿಮ್ಮ ಅಂಗಿಯ ಬಣ್ಣ ಕಾಣುತ್ತದೆ, ನಡುವೆ ಉದ್ದಕ್ಕೆ ಎಳೆದ ಹಾಗೆ ನೀವೇ ಕಾಣುತ್ತೀರಿ. ಸ್ಟೀಲಿಗೆ ತನ್ನದು ಅಂತ ಬಣ್ಣವೇ ಇಲ್ಲದ ಹಾಗೆ. ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಇದು ಗೊತ್ತಾದ ಕೂಡಲೇ ಪಾಠ ತಿರುಗುತ್ತದೆ. ಮುಖಕ್ಕೆ ಲೈಟ್ ಹಾಕುವ ಹಾಗೆ ಲೋಟಕ್ಕೆ ಲೈಟ್ ಹಾಕಿ ಪ್ರಯೋಜನ ಇಲ್ಲ. ಲೋಟ ಏನನ್ನು ‘ನೋಡುತ್ತಿದೆ’ಯೋ ಅದಕ್ಕೆ ಲೈಟ್ ಹಾಕಬೇಕು. ಲೋಟದ ಎಡಕ್ಕೊಂದು, ಬಲಕ್ಕೊಂದು ದೊಡ್ಡ ಟ್ರೇಸಿಂಗ್ ಪೇಪರ್ ಹಾಳೆ ಇಳಿಬಿಡಿ. ಒಂದು ಹಾಳೆಯ ಹಿಂದಿನಿಂದ ಲೈಟ್ ಕೊಡಿ. ಈಗ ಲೋಟದ ಮೈಮೇಲೆ ಆ ಹಾಳೆ ಬಿಳಿ ಪಟ್ಟಿಯಾಗಿ ಬರುತ್ತದೆ. ಲೈಟನ್ನು ಹಾಳೆಗೆ ತೀರಾ ಹತ್ತಿರ ತಂದರೆ ಹಾಳೆಯ ನಡುವೆ ಬೆಳ್ಳಗೆ, ಅಂಚಿನ ಕಡೆಗೆ ಮಂಕಾಗುತ್ತಾ ಹೋಗುತ್ತದೆ. ಲೋಟದ ಮೇಲೂ ಬಿಳಿಯಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ಮೆಲ್ಲಗೆ ಇಳಿಯುತ್ತದೆ. ಈ ಇಳಿತ ಬಂದಾಗಲೇ ಲೋಟ ದುಂಡಗೆ ಕಾಣುವುದು. ಹಾಳೆ ಪೂರ್ತಿ ಒಂದೇ ಸಮ ಬೆಳಗಿದರೆ ಲೋಟ ಚಪ್ಪಟೆ ತಗಡಾಗಿ ಬಿಡುತ್ತದೆ.

ಇಷ್ಟಾದ ಮೇಲೆ ಇನ್ನೊಂದು ತೊಂದರೆ. ಹಿಂದಿನ ಬಿಳಿ ಗೋಡೆಗೂ ಲೋಟದ ಅಂಚಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಅಂಚು ಕರಗಿ ಹೋಗಿರುತ್ತದೆ. ಆಗ ಫ್ರೇಮಿನಿಂದ ಸ್ವಲ್ಪ ಆಚೆ, ಎರಡೂ ಕಡೆ ಕಪ್ಪು ಕಾರ್ಡ್‌ಶೀಟಿನ ಸಣ್ಣ ಪಟ್ಟಿ ನಿಲ್ಲಿಸಬೇಕು. ಲೋಟದ ಎರಡು ಬದಿಗೂ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಬರುತ್ತದೆ. ಪಟ್ಟಿಯನ್ನು ಒಂದು ಬೆರಳಿನಷ್ಟು ಸರಿಸಿದರೆ ಗೆರೆ ದಪ್ಪವಾಗುತ್ತದೆ, ತೆಳುವಾಗುತ್ತದೆ. ವಿದ್ಯಾರ್ಥಿಗಳು ಮೊದಲ ಬಾರಿ ಇದನ್ನು ನೋಡಿದಾಗ ಅವರ ಮುಖ ನೋಡಬೇಕು! ಬೆಳಕಿನ ಜೊತೆಗೆ ಕತ್ತಲೆಯನ್ನೂ ಜೋಡಿಸಿಡಬಹುದು ಅಂತ ಅವರಿಗೆ ಅಲ್ಲಿ ಗೊತ್ತಾಗುತ್ತದೆ.

ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕೆಳಗೆ ನೋಡುವ ಹಾಗೆ ಇಟ್ಟರೆ ಮತ್ತೆ ಎಲ್ಲ ಬದಲು. ಈಗ ಲೋಟದ ಮೈಯಲ್ಲಿ ಟೇಬಲ್ಲಿನ ಮೇಲ್ಭಾಗ ಕಾಣತೊಡಗುತ್ತದೆ. ಕೆಂಪು ಬಟ್ಟೆ ಹಾಸಿದ್ದರೆ ಲೋಟದ ಬುಡ ಕೆಂಪಗಾಗುತ್ತದೆ. ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಹಾಕಿದರೆ ಹೋಗುತ್ತದೆ ಅಂತ ಯಾರೋ ಹೇಳುತ್ತಾರೆ. ಹಾಕಿ ನೋಡಿ. ಪಾಲಿಶ್ ಮಾಡಿದ ಗ್ರಾನೈಟಿನ ಹೊಳಪು ತಗ್ಗುತ್ತದೆ, ಸ್ಟೀಲಿನದು ಹಾಗೇ ಇರುತ್ತದೆ. ಗಾಜು, ನೀರು, ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸುವ ಬೆಳಕು ಪೋಲರೈಸ್ ಆಗುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಲೋಹದಿಂದ ಬರುವ ಬೆಳಕು ಹಾಗಾಗುವುದಿಲ್ಲ. ಹಾಗಾಗಿ ಲೆನ್ಸಿಗೆ ಹಾಕಿದ ಫಿಲ್ಟರ್ ಅಲ್ಲಿ ಕೆಲಸ ಮಾಡುವುದಿಲ್ಲ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಓದಿದ ‘ಬೀಳುವ ಕೋನ, ಪ್ರತಿಫಲಿಸುವ ಕೋನ ಎರಡೂ ಸಮ’ ಅನ್ನುವ ಒಂದು ಸಾಲು ಇಲ್ಲಿ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ನೀವು ಕಾಮರ್ಸ್ ಅಂತ ಹೆದರಬೇಡಿ, ಅಷ್ಟು ಗೊತ್ತಿದ್ದರೆ ಸಾಕು. ಇದರ ಜೊತೆ, ಲೈಟನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿಸಿದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗ ಆಗುತ್ತದೆ ಅನ್ನುವುದೂ ನೆನಪಿರಲಿ.

ಇನ್ನು ಲೋಟಕ್ಕೆ ಕಾಫಿ ಹಾಕೋಣ. ನೊರೆ ಬೇಗ ಇಳಿದು ಹೋಗುತ್ತದೆ. ಹಬೆ ಕಾಣಬೇಕೆಂದರೆ ಹಿನ್ನೆಲೆ ಕಪ್ಪಗಿರಬೇಕು, ಬೆಳಕು ಹಬೆಯ ಹಿಂದಿನಿಂದ ಬರಬೇಕು. ಮುಂದಿನಿಂದ ಬೆಳಕು ಕೊಟ್ಟರೆ ಹಬೆ ಹೆಚ್ಚುಕಡಿಮೆ ಮಾಯ. ಇದನ್ನೆಲ್ಲ ಜೋಡಿಸುವಷ್ಟರಲ್ಲಿ ನೊರೆ ಇಳಿದಿರುತ್ತದೆ, ಅದಕ್ಕೇ ಸ್ಟುಡಿಯೋದಲ್ಲಿ ಎರಡು ಲೋಟ ಇಡುತ್ತೇವೆ. ಲೈಟಿಂಗ್ ಜೋಡಿಸುವಾಗ ಒಂದು, ಕೊನೆಯ ಫೋಟೋಗೆ ಇನ್ನೊಂದು. ಆ ಎರಡನೆಯದಕ್ಕೆ ನಮ್ಮ ಕಡೆ ‘ಹೀರೋ’ ಅಂತಲೇ ಕರೆಯುತ್ತಾರೆ. ಹೀರೋ ಲೋಟವನ್ನು ಬೆರಳಚ್ಚು ಬೀಳದ ಹಾಗೆ ಹತ್ತಿಯ ಕೈಗವಸು ಹಾಕಿಕೊಂಡು ತರುತ್ತಾರೆ. ಎಲ್ಲ ಸಿದ್ಧವಾದ ಮೇಲೆ ಡಿಕಾಕ್ಷನ್, ಹಾಲು ಬೆರೆಸಿ, ಎತ್ತರದಿಂದ ಹೊಯ್ದು, ನೊರೆ ನಿಂತಿರುವಷ್ಟು ಹೊತ್ತಿನಲ್ಲಿ ಫೋಟೋ ಆಗಬೇಕು.

ಈ ಒಂದು ಲೋಟದ ಮೇಲೆ ಒಂದು ವಾರ ಕಳೆಯಲು ಬಿಡುವ ಜಾಗ ಯಾವುದು? ಕೆಲಸದ ಸ್ಟುಡಿಯೋ ಬಿಡುವುದಿಲ್ಲ. ಕಾಲೇಜು ಬಿಡುತ್ತದೆ, ಬಿಡಬೇಕು. ಲೋಟ ಆದ ಮೇಲೆ ಗಾಜಿನ ಬಾಟಲಿ, ಆಮೇಲೆ ರೇಷ್ಮೆ ಸೀರೆ. ಸೀರೆಯ ಪಾಠವೇ ಬೇರೆ. ಬೇರೆ ಬೇರೆ ಬಣ್ಣದ ಎಳೆಯಲ್ಲಿ ಹಾಸು, ಹೊಕ್ಕು ನೇಯ್ದ ರೇಷ್ಮೆ ಒಂದು ಕೋನದಲ್ಲಿ ಒಂದು ಬಣ್ಣ, ಇನ್ನೊಂದು ಕೋನದಲ್ಲಿ ಇನ್ನೊಂದು ಬಣ್ಣ. ಜರಿಯೋ, ಲೋಟದಂತೆಯೇ ಸುತ್ತಲಿನದನ್ನು ತೋರಿಸುತ್ತದೆ. ಆನ್‌ಲೈನಿನಲ್ಲಿ ನೋಡಿ ಕೊಂಡವರು ಪೊಟ್ಟಣ ಬಿಚ್ಚಿದಾಗ ‘ಬಣ್ಣ ಬೇರೆ ಇದೆ’ ಅಂತ ವಾಪಸ್ ಕಳಿಸಿದರೆ ನಷ್ಟ ನೇಕಾರರಿಗೆ, ಅಂಗಡಿಯವರಿಗೆ. ಹಾಗಾಗಿ ಬಣ್ಣ ತಾಳೆ ನೋಡಲು ಬಳಸುವ ಗ್ರೇ ಕಾರ್ಡ್, ಕಲರ್ ಚಾರ್ಟ್, ಕ್ಯಾಲಿಬ್ರೇಟ್ ಮಾಡಿದ ಮಾನಿಟರ್ ಇವುಗಳ ಬಗ್ಗೆ ಬೇಸರ ಮಾಡಿಕೊಳ್ಳದೆ ಕಲಿಯಿರಿ.

ಎರಡನೇ ವಿಷಯ, ಬ್ರೀಫ್. ಬ್ರೀಫ್ ಅಂದರೆ ಕ್ಲೈಂಟ್ ಅಥವಾ ಏಜೆನ್ಸಿ ಕೊಡುವ ಕೆಲಸದ ವಿವರ. ಯಾರಿಗೆ ಮಾರಬೇಕು, ಏನು ಹೇಳಬೇಕು, ಎಲ್ಲಿ ಹಾಕುತ್ತಾರೆ. ಕಾಲೇಜಿನಲ್ಲಿ ಒಳ್ಳೆಯ ಮೇಷ್ಟ್ರು ಹೀಗೆ ಮಾಡುತ್ತಾರೆ: ಒಂದೇ ಗಂಧದ ಸೋಪನ್ನು ಕೊಟ್ಟು, ಅರ್ಧ ಕ್ಲಾಸಿಗೆ ‘ಅಜ್ಜಿಯ ಕಾಲದಿಂದ ಮನೆಯಲ್ಲಿರುವ ಸೋಪು’ ಅನ್ನುವ ಬ್ರೀಫ್, ಉಳಿದ ಅರ್ಧಕ್ಕೆ ‘ಹಾಸ್ಟೆಲ್ ಹುಡುಗಿ ಮೊದಲ ಸಂಬಳದಲ್ಲಿ ಕೊಳ್ಳುವ ಸೋಪು’ ಅನ್ನುವ ಬ್ರೀಫ್. ಸೋಪು ಅದೇ, ಕಾಗದವೂ ಅದೇ. ಮೊದಲನೆಯದಕ್ಕೆ ಮಧ್ಯಾಹ್ನದ ಕಿಟಕಿಯ ಬೆಳಕಿನಂಥ ಓರೆ ಬೆಳಕು, ಹಿತ್ತಾಳೆ ಚೊಂಬು ಬರಬಹುದು. ಎರಡನೆಯದಕ್ಕೆ ಗಟ್ಟಿ ನೆರಳು, ಒಂದೇ ಬಣ್ಣದ ಹಿನ್ನೆಲೆ ಬರಬಹುದು. ಗೋಡೆಗೆ ಎಲ್ಲರ ಫೋಟೋ ಅಂಟಿಸಿದ ಮೇಲೆ ಮೇಷ್ಟ್ರು ಕೇಳುವ ಪ್ರಶ್ನೆ ‘ಚೆನ್ನಾಗಿದೆಯಾ’ ಅಂತಲ್ಲ. ‘ಹೆಸರು ಮುಚ್ಚಿದರೆ ಇದು ಯಾವ ಬ್ರೀಫಿನ ಫೋಟೋ ಅಂತ ಹೇಳಬಹುದಾ’ ಅಂತ. ಈ ಪ್ರಶ್ನೆಯ ಎದುರು ತುಂಬಾ ಚಂದದ ಫೋಟೋಗಳು ಬಿದ್ದು ಹೋಗುತ್ತವೆ. ಅಲ್ಲಿ ನೋವಾಗುತ್ತದೆ. ಆ ನೋವನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ, ಕ್ಲಾಸಿನಲ್ಲಿ ಪಟ್ಟವರು ಮುಂದೆ ಕ್ಲೈಂಟ್ ‘ಇದು ಬೇಡ’ ಅಂದಾಗ ಕುಸಿಯುವುದಿಲ್ಲ.

ಅರ್ಜಿ ಹಾಕುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಬ್ರೋಷರ್ ನಂಬಬೇಡಿ, ಖಾಸಗಿ ವಿಶ್ವವಿದ್ಯಾಲಯವಾದರೆ ಇನ್ನೂ ಜಾಸ್ತಿ ಎಚ್ಚರ. ಸ್ಟುಡಿಯೋ ಎಲ್ಲಿದೆ ಅಂತ ಕೇಳಿ, ಒಳಗೆ ಹೋಗಿ ನೋಡಿ. ಲೈಟ್‌ಗಳ ಮೇಲೆ ಧೂಳು ಕೂತಿದ್ದರೆ ಅದೇ ಉತ್ತರ. ಸಂಜೆ ಆರರ ಮೇಲೆ ಸ್ಟುಡಿಯೋ ಕೀ ಸಿಗುತ್ತದಾ ಅಂತ ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ, ಆಫೀಸಿನವರನ್ನಲ್ಲ. ವಾರಕ್ಕೆ ಎಷ್ಟು ಸಲ ಫೋಟೋಗಳನ್ನು ಗೋಡೆಗೆ ಹಾಕಿ ಚರ್ಚೆ ಮಾಡುತ್ತಾರೆ, ಈಗ ಕೆಲಸದಲ್ಲಿರುವ ಫೋಟೋಗ್ರಾಫರ್‌ಗಳು ಪಾಠಕ್ಕೆ ಬರುತ್ತಾರಾ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಹೊರದೇಶದ ಆಸೆ ಇದ್ದರೂ ಇದೇ ಮಾತು. ಕ್ಯಾಲಿಫೋರ್ನಿಯಾದ ಬ್ರೂಕ್ಸ್ ಇನ್‌ಸ್ಟಿಟ್ಯೂಟ್ 1945ರಿಂದ ಇದ್ದ ಹೆಸರುವಾಸಿ ಫೋಟೋಗ್ರಫಿ ಶಾಲೆ. 2016ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಹೆಸರನ್ನು ನೋಡಿ ದೊಡ್ಡ ಸಾಲ ಮಾಡುವುದು ಬೇಡ.

ಚಿತ್ರ ಬಿಡಿಸಲು ಬರುವುದಿಲ್ಲ ಅಂದಿರಿ. ಪ್ರವೇಶ ಪರೀಕ್ಷೆಯಲ್ಲಿ ಡ್ರಾಯಿಂಗ್ ಇರುತ್ತದೆ, ಅದು ನಿಜ. ಅವರು ನೋಡುವುದು ನೀವು ವಸ್ತುವನ್ನು ಗಮನಿಸುತ್ತೀರಾ ಅಂತ. ದಿನಾ ಅರ್ಧ ಗಂಟೆ ಮನೆಯ ವಸ್ತುಗಳನ್ನೇ ಪೆನ್ಸಿಲಿನಲ್ಲಿ ಬಿಡಿಸಿ, ನೆರಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗುರುತಿಸಿ. ಮುಂದೆ ಆರ್ಟ್ ಡೈರೆಕ್ಟರ್ ಜೊತೆ ಮಾತಾಡುವಾಗ ಚೀಟಿಯ ಮೇಲೆ ಫ್ರೇಮ್ ಗೀಚಿ ತೋರಿಸುವಷ್ಟು ಬಂದರೆ ಸಾಕು.

ಕ್ಯಾಮೆರಾ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಮ್ಯಾನುವಲ್ ಮೋಡ್ ಇರುವ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಕೊಡುವ ಯಾವುದೇ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್, ಒಂದು 50 ಎಂಎಂ ಲೆನ್ಸ್, ಅಲುಗದ ಟ್ರೈಪಾಡ್. ಇಷ್ಟೇ. ಉಳಿದ ಹಣ ಇದ್ದರೆ ಟ್ರೈಪಾಡಿಗೆ ಹಾಕಿ. ಜಾಹೀರಾತಿನ ವಸ್ತು ಫೋಟೋದಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಅಲುಗುವುದು ಲೈಟು ಮತ್ತು ಕಾಗದ. ಥರ್ಮೋಕೋಲ್ ಶೀಟು, ಬಟರ್ ಪೇಪರ್, ಕಪ್ಪು ಕಾರ್ಡ್‌ಶೀಟು, ಅಂಗೈಯಷ್ಟು ಕನ್ನಡಿ ಚೂರುಗಳು ನಿಮ್ಮೂರ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತವೆ. ಕನ್ನಡಿಯನ್ನು ಕೀಳಾಗಿ ನೋಡಬೇಡಿ. ಮೈಸೂರಿನವರಾದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿ ಮುಂಬೈಯ ಸ್ಟುಡಿಯೋದೊಳಗೆ ಬೆಳಕಿನ ಕೋಲು ನಿಲ್ಲಿಸಿದವರು. ಅವರು ಓದಿದ್ದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ. ಅಲ್ಲಿನ ಸಿನಿಮಾಟೋಗ್ರಫಿ ಕೋರ್ಸೇ ಮುಂದೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಯಿತು. ಜಾಹೀರಾತಿನಲ್ಲಿ ಈಗ ವಿಡಿಯೋ ಕೆಲಸವೂ ಜಾಸ್ತಿ ಇರುವುದರಿಂದ, ಆ ಕಡೆ ಒಲವಿದ್ದರೆ ಅದನ್ನೂ ವಿಚಾರಿಸಿ ನೋಡಿ.

ಕಾಲೇಜುಗಳು ಸಾಮಾನ್ಯವಾಗಿ ಸರಿಯಾಗಿ ಹೇಳಿಕೊಡದ ಒಂದು ವಿಷಯವಿದೆ. ನನಗೆ ಇದರ ಬಗ್ಗೆ ಬೇಜಾರಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋಟೋ ತೆಗೆದವರಿಗೇ ಫೋಟೋದ ಹಕ್ಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಬೇರೆ ಹೇಳುತ್ತದೆ. ಯಾರಾದರೂ ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಒಡೆಯರು. ಅಂದರೆ ನೀವು ಏನೂ ಬರೆದುಕೊಳ್ಳದೆ ಒಂದು ಉಪ್ಪಿನಕಾಯಿ ಕಂಪನಿಗೆ ಕ್ಯಾಲೆಂಡರ್ ಫೋಟೋ ತೆಗೆದುಕೊಟ್ಟರೆ, ಅವರು ಅದನ್ನೇ ಹೋರ್ಡಿಂಗಿಗೆ, ಪ್ಯಾಕೆಟ್ಟಿಗೆ, ಟಿವಿಗೆ ಎಷ್ಟು ವರ್ಷ ಬೇಕಾದರೂ ಹಾಕಿಕೊಳ್ಳಬಹುದು. ನೀವು ಕೇಳುವ ಹಾಗಿಲ್ಲ. ಅದಕ್ಕೇ ಕೆಲಸಕ್ಕೆ ಮುಂಚೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಬೇಕು: ಹಕ್ಕು ಯಾರದ್ದು, ಯಾವ ಮಾಧ್ಯಮಕ್ಕೆ, ಎಷ್ಟು ವರ್ಷ, ಯಾವ ಊರುಗಳಿಗೆ, ಪೋರ್ಟ್‌ಫೋಲಿಯೋದಲ್ಲಿ ನೀವು ಹಾಕಿಕೊಳ್ಳಬಹುದಾ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಐದು ವರ್ಷ ಅಂತ ಎಣಿಸುತ್ತದೆ, ಜಾಗ ಬರೆಯದಿದ್ದರೆ ಇಡೀ ಭಾರತ ಅಂತ. ನೀವು ಕಾಮರ್ಸ್ ಓದಿರುವುದು ಇಲ್ಲಿ ದೊಡ್ಡ ಅನುಕೂಲ. ಎಸ್ಟಿಮೇಟ್, ಇನ್‌ವಾಯ್ಸ್, ಜಿಎಸ್‌ಟಿ ನೋಡಿ ತಲೆ ತಿರುಗದ ಫೋಟೋಗ್ರಾಫರ್‌ಗಳು ಕಡಿಮೆ.

ಇದರ ಜೊತೆಗೇ ಸುಳ್ಳು ಹೇಳದಿರುವ ವಿಷಯ. 1970ರ ಹೊತ್ತಿಗೆ ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಜಾಹೀರಾತಿನ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿತ್ತು. ಸೂಪಿನಲ್ಲಿ ತರಕಾರಿ ಮುಳುಗುತ್ತಿತ್ತು. ಗೋಲಿ ಹಾಕಿದರೆ ತರಕಾರಿ ಮೇಲೆ ನಿಂತು, ತುಂಬಾ ಇದೆ ಅನ್ನುವ ಹಾಗೆ ಕಾಣುತ್ತಿತ್ತು. ಅಲ್ಲಿನ ವ್ಯಾಪಾರ ಆಯೋಗ ಇದು ಗ್ರಾಹಕರಿಗೆ ಮೋಸ ಅಂತ ಹಿಡಿಯಿತು, ಕಂಪನಿ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಜಾಹೀರಾತು ಉದ್ಯಮದ್ದೇ ಮಂಡಳಿ ಎಎಸ್‌ಸಿಐ 1985ರಿಂದ ಇದೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯೂ ಇದೆ. ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ತಂಪು ಬಾಟಲಿಯ ಮೇಲಿನ ಹನಿ ಜಾರದಿರಲು ನೀರಿಗೆ ಗ್ಲಿಸರಿನ್ ಬೆರೆಸಿ ಚಿಮುಕಿಸಿದರೆ ಯಾರಿಗೂ ಮೋಸ ಇಲ್ಲ, ನಾವು ಮಾರುತ್ತಿರುವುದು ಹನಿಯನ್ನಲ್ಲ. ಕಾಫಿಪುಡಿ ಮಾರುತ್ತಿದ್ದರೆ ಲೋಟದಲ್ಲಿ ಇರುವುದು ಆ ಪುಡಿಯದೇ ಕಾಫಿ ಆಗಿರಬೇಕು, ನೊರೆಯೂ ಅದರದ್ದೇ ಆಗಿರಬೇಕು. ಸೋಪಿನ ನೊರೆ ತಂದು ಕೂರಿಸಿ ಅಂತ ಯಾರು ಹೇಳಿದರೂ ನಾನು ಮಾಡುವುದಿಲ್ಲ. ನೀವೂ ನಿಮ್ಮ ಗೆರೆಯನ್ನು ಕಾಲೇಜಿನಲ್ಲಿರುವಾಗಲೇ ಎಳೆದುಕೊಳ್ಳಿ. ಬಾಡಿಗೆ ಕಟ್ಟಬೇಕಾದ ತಿಂಗಳಲ್ಲಿ ಅದನ್ನು ಎಳೆಯುವುದು ಕಷ್ಟ.

ಎಐ ಬಗ್ಗೆ. ಬಿಳಿ ಹಿನ್ನೆಲೆಯ ಸಾದಾ ವಸ್ತು ಫೋಟೋ, ಆನ್‌ಲೈನ್ ಅಂಗಡಿಗಳಿಗೆ ರಾಶಿ ರಾಶಿ ಬೇಕಾಗುವಂಥದ್ದು, ಆ ಕೆಲಸ ಕಡಿಮೆಯಾಗುತ್ತದೆ. ಅದನ್ನು ನಂಬಿಕೊಂಡು ಈ ಓದಿಗೆ ಬರಬೇಡಿ. ಆದರೆ ಇಂಥ ಬದಲಾವಣೆ ಇದೇ ಮೊದಲಲ್ಲ. ಪೀಠೋಪಕರಣದ ಐಕಿಯಾ ಕಂಪನಿ 2006ರ ಹೊತ್ತಿಗೆ ತನ್ನ ಕ್ಯಾಟಲಾಗಿನಲ್ಲಿ ಬರ್ಟಿಲ್ ಅನ್ನುವ ಒಂದು ಮರದ ಕುರ್ಚಿಯನ್ನು ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿ ಹಾಕಿತು. ಕೆಲವೇ ವರ್ಷಗಳಲ್ಲಿ ಕ್ಯಾಟಲಾಗಿನ ವಸ್ತು ಚಿತ್ರಗಳಲ್ಲಿ ಹೆಚ್ಚಿನವು ಹಾಗೇ ಆದವು. ಆಗ ಕಂಪನಿ ಏನು ಮಾಡಿತು ಅನ್ನುವುದು ನಿಮಗೆ ಮುಖ್ಯ. ಕಂಪ್ಯೂಟರ್ ಕಲಾವಿದರ ಚಿತ್ರಗಳು ನಿಜ ಅನಿಸುತ್ತಿರಲಿಲ್ಲ. ಹಾಗಾಗಿ ಅವರಿಗೆ ಫೋಟೋಗ್ರಫಿ ಕಲಿಸಿದರು, ಫೋಟೋಗ್ರಾಫರ್‌ಗಳಿಗೆ ತ್ರೀಡಿ ಕಲಿಸಿದರು. ಮರದ ಮೇಲೆ ಕಿಟಕಿಯ ಬೆಳಕು ಹೇಗೆ ಬೀಳುತ್ತದೆ, ನೆರಳಿನ ಅಂಚು ಎಲ್ಲಿ ಮೃದುವಾಗುತ್ತದೆ ಅಂತ ಗೊತ್ತಿರುವವರು ಎರಡೂ ಕಡೆ ಬೇಕಾದರು. ಎಐ ಕೊಟ್ಟ ಸ್ಟೀಲ್ ಲೋಟದ ಚಿತ್ರವನ್ನು ನೋಡಿ ‘ಬೆಳಕು ಎಡಗಡೆ ಇದೆ, ಹೊಳಪು ಬಲಗಡೆ ಬಂದಿದೆ’ ಅಂತ ಹೇಳಬೇಕಾದರೂ ಮೊದಲು ಲೋಟದ ಎದುರು ಕೂತಿರಬೇಕು. ಅಲ್ಲದೆ ಮನುಷ್ಯರ ಮುಖ, ನಿಜವಾದ ಅಡುಗೆ, ನಿಜವಾದ ಊರು ಬೇಕಾದ ಕೆಲಸಗಳು ಇವೆ. ಸೀರೆ ಅಂಗಡಿಗೆ ಅವರದ್ದೇ ಸೀರೆ ಬೇಕು, ಅದರ ಹಾಗೆ ಕಾಣುವ ಬೇರೊಂದಲ್ಲ.

ಕೊನೆಗೆ ನಿಮ್ಮ ತಂದೆಯವರ ವಿಷಯ. ಅವರ ಹತ್ತಿರ ನಿಜವನ್ನೇ ಹೇಳಿ. ಡಿಗ್ರಿ ಮುಗಿದ ಕೂಡಲೇ ದೊಡ್ಡ ಸಂಬಳ ಬರುವುದಿಲ್ಲ. ಮೊದಲ ಕೆಲವು ವರ್ಷ ಬೆಂಗಳೂರು ಅಥವಾ ಮುಂಬೈಯಲ್ಲಿ ಯಾರಾದರೂ ಒಬ್ಬರ ಬಳಿ ಅಸಿಸ್ಟೆಂಟ್ ಆಗಿರಬೇಕಾಗುತ್ತದೆ. ಲೈಟ್ ಸ್ಟ್ಯಾಂಡ್ ಹೊರುವುದು, ಕೇಬಲ್ ಸುತ್ತುವುದು, ಬ್ಯಾಟರಿ ಚಾರ್ಜ್ ಮಾಡುವುದು, ರಾತ್ರಿ ಹನ್ನೆರಡಕ್ಕೆ ಫೈಲ್ ಬ್ಯಾಕಪ್ ತೆಗೆಯುವುದು. ಎರಡನೇ ವರ್ಷದ ಬೇಸಿಗೆ ರಜೆಯಿಂದಲೇ ಹೀಗೆ ಕೆಲಸಕ್ಕೆ ಹೋಗಲು ಶುರು ಮಾಡಿದರೆ, ಡಿಗ್ರಿ ಮುಗಿಯುವಷ್ಟರಲ್ಲಿ ನಾಲ್ಕು ಜನ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಅಪ್ಲೈಡ್ ಆರ್ಟ್ ಡಿಗ್ರಿಗೆ ಇನ್ನೊಂದು ಲಾಭ ಇದೆ, ಅದನ್ನು ಅವರಿಗೆ ವಿವರಿಸಿ. ಫೋಟೋಗ್ರಫಿ ಕೈ ಹಿಡಿಯಲು ತಡವಾದರೆ ಗ್ರಾಫಿಕ್ ಡಿಸೈನ್, ಪ್ಯಾಕೇಜಿಂಗ್, ಏಜೆನ್ಸಿಯ ಆರ್ಟ್ ವಿಭಾಗದಲ್ಲಿ ಕೆಲಸ ಸಿಗುತ್ತದೆ. ಆಮೇಲೆ ಪಾಠ ಮಾಡಬೇಕು, ಸ್ನಾತಕೋತ್ತರ ಓದಬೇಕು ಅಂದರೂ ಡಿಗ್ರಿಯೇ ಬೇಕಾಗುತ್ತದೆ.

ಊರಿನ ಸ್ಟುಡಿಯೋ ಕೆಲಸವನ್ನು ಬಿಡಬೇಡಿ. ಪಾಸ್‌ಪೋರ್ಟ್ ಫೋಟೋಗೆ ಬಂದು ಕೂತ ಮುಜುಗರದ ಮನುಷ್ಯರನ್ನು ಎರಡು ನಿಮಿಷದಲ್ಲಿ ಸಹಜವಾಗಿ ಕೂರಿಸುವುದು ನಿಮಗೆ ಆಗಲೇ ಬರುತ್ತದೆ, ಅದು ಕಾಲೇಜಿನಲ್ಲಿ ಸುಲಭಕ್ಕೆ ಸಿಗುವ ವಿದ್ಯೆಯಲ್ಲ. ಕಾಲೇಜಿನ ಪ್ರವೇಶ ಸಂದರ್ಶನಕ್ಕೆ ಹೋಗುವಾಗ ಮದುವೆ ಆಲ್ಬಂ ತೆಗೆದುಕೊಂಡು ಹೋಗಬೇಡಿ. ಮನೆಯಲ್ಲಿರುವ ಐದು ವಸ್ತು ಆರಿಸಿ: ಸ್ಟೀಲ್ ಲೋಟ, ಗಾಜಿನ ಬಾಟಲಿ, ಅಮ್ಮನ ರೇಷ್ಮೆ ಸೀರೆ, ಒಂದು ಹಣ್ಣು, ಅಪ್ಪನ ಚಪ್ಪಲಿ. ಕಿಟಕಿಯ ಬೆಳಕು, ಬಟರ್ ಪೇಪರ್, ಕಪ್ಪು ಕಾರ್ಡ್ ಮಾತ್ರ ಬಳಸಿ ಒಂದೊಂದನ್ನೂ ತೃಪ್ತಿಯಾಗುವವರೆಗೆ ತೆಗೆಯಿರಿ. ಪ್ರತಿ ಫೋಟೋದ ಹಿಂದೆ ಬೆಳಕು ಎಲ್ಲಿತ್ತು, ಕಾಗದ ಎಲ್ಲಿತ್ತು ಅಂತ ಸಣ್ಣ ನಕ್ಷೆ ಗೀಚಿ. ಕೆಟ್ಟುಹೋದ ಫೋಟೋಗಳಲ್ಲಿ ಒಂದೆರಡನ್ನೂ ಜೊತೆಗಿಟ್ಟುಕೊಳ್ಳಿ. ಸಂದರ್ಶನದಲ್ಲಿ ಕೂತವರು ಆ ನಕ್ಷೆಗಳನ್ನೇ ಹೆಚ್ಚು ಹೊತ್ತು ನೋಡುತ್ತಾರೆ.